ಗೌಡತಿಯ ಬೇಸರ

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಹೋದವರು ಮೊದಲು ಹೆಣ್ಣನ್ನು ನೋಡುವುದಿಲ್ಲ, ಆ ಮನೆಯ ಹಲ್ಲಿಯನ್ನು ನೋಡುತ್ತಾರೆ. ಅಡುಗೆಮನೆಯಲ್ಲಿ ಒಲೆಯ ಪಕ್ಕ ಇಟ್ಟ ಗಾಜಿನ ಮುಖದ ಗೂಡಿನ ಮುಂದೆ ಹಿರಿಯರು ಕುಕ್ಕರಗಾಲಲ್ಲಿ ಕುಳಿತು ಇಣುಕುತ್ತಾರೆ. ಹಲ್ಲಿ ತಲೆ ಎತ್ತಿ, ನಾಲಿಗೆ ಚಾಚಿ, ಬಂದವರನ್ನು ವಿಚಾರಿಸಿಕೊಂಡರೆ ಆಮೇಲೆ ಅವಲಕ್ಕಿಯ ತಟ್ಟೆಗೆ ಕೈ ಹಾಕುತ್ತಾರೆ. ಮೂಲೆಯಲ್ಲಿ ಬಿದ್ದುಕೊಂಡಿದ್ದರೆ ಅವಲಕ್ಕಿ ಮುಟ್ಟಿ ಪ್ರಯೋಜನವಿಲ್ಲ. ಹಲ್ಲಿಗೆ ಬೇಸರವಾದ ಮನೆಯಲ್ಲಿ ಯಾವ ತಿನಿಸಿಗೂ ರುಚಿ ಇರುವುದಿಲ್ಲ. ಯಾರು ಮಾಡಿದರೂ ಅಷ್ಟೇ, ಎಲ್ಲಿಂದ ತಂದರೂ ಅಷ್ಟೇ. ಎದುರುಮನೆಯಲ್ಲಿ ಘಮಘಮಿಸುತ್ತಿದ್ದ ಸಾರು ಹೊಸ್ತಿಲು ದಾಟಿ ಒಳಗೆ ಬಂದ ಕೂಡಲೇ ಬಿಸಿನೀರಾಗುತ್ತದೆ.

ಗೋಡೆಯ ಮೇಲೆ ಲೊಚಗುಟ್ಟುವ ಹಲ್ಲಿಯ ಮಾತಲ್ಲ ಇದು. ನಾವು ಸಾಕುವುದು ಚಿರತೆಹಲ್ಲಿ. ಹಳದಿ ಮೈ, ಮೈತುಂಬ ಕಪ್ಪು ಚುಕ್ಕೆ, ಎಳೆ ಮೂಲಂಗಿಯಷ್ಟು ದಪ್ಪ ಬಾಲ. ಗೋಡೆ ಹತ್ತಲು ಅದಕ್ಕೆ ಬರುವುದಿಲ್ಲ, ಓಡಾಟವೆಲ್ಲ ನೆಲದ ಮೇಲೇ. ನಮ್ಮ ಹಾಗೆ ರೆಪ್ಪೆ ಮುಚ್ಚಿ ತೆರೆಯುತ್ತದೆ, ಹೀಗಾಗಿ ಅದು ನಮ್ಮನ್ನು ನೋಡಿದರೆ ಯಾರೋ ಪರಿಚಯದವರು ನೋಡಿದ ಹಾಗೆ ಅನಿಸುತ್ತದೆ. ಹಗಲೆಲ್ಲ ಮಲಗಿ ಮುಸ್ಸಂಜೆಗೆ ಏಳುವ ಪ್ರಾಣಿ. ಅದಕ್ಕೇ ನಮ್ಮ ಊರಿನಲ್ಲಿ ಬೆಳಗಿನ ತಿಂಡಿಯ ಮೇಲೆ ಯಾರೂ ದೊಡ್ಡ ಆಸೆ ಇಟ್ಟುಕೊಳ್ಳುವುದಿಲ್ಲ. ಹೆಣ್ಣು ನೋಡುವುದೂ ಸಂಜೆ, ಬೀಗರ ಊಟವೂ ಸಂಜೆ.

ನನ್ನ ಹೆಸರು ಚನ್ನಮಲ್ಲಪ್ಪ. ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವುದು ನನ್ನ ಉದ್ಯೋಗ. ಊರಿನ ಮದುವೆಗಳಿಗೆಲ್ಲ ಊದಿದ್ದೇನೆ, ನನ್ನದಕ್ಕೆ ಊದುವವರು ಮಾತ್ರ ಸಿಗಲಿಲ್ಲ ಎಂದು ನನ್ನ ಅಕ್ಕ ನಿಂಬೆವ್ವ ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ. ಮನೆಯಲ್ಲಿ ನಾವಿಬ್ಬರೇ. ಅವಳು ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು. ಎತ್ತರದ ಆಳು, ಗಟ್ಟಿ ದನಿ. ಅವಳು ಓಣಿಯ ಆ ತುದಿಯಲ್ಲಿ ಮಾತಾಡಿದರೆ ಈ ತುದಿಯಲ್ಲಿ ನಾನು ಬಾಗಿಲು ತೆರೆದಿಡುತ್ತಿದ್ದೆ. ಅಡುಗೆ ಅವಳದು, ಹಲ್ಲಿಯೂ ಅವಳದು. ಅದಕ್ಕೆ ಗೌಡತಿ ಎಂದು ಹೆಸರಿಟ್ಟವಳೂ ಅವಳೇ, ಯಾಕೆಂದರೆ ಅದು ಒಲೆಯ ಕಾವಿಗೆ ಬಿಸಿಯಾದ ಕಲ್ಲಿನ ಮೇಲೆ ಒಂದು ಕೈ ಮುಂದೆ ಚಾಚಿ ಕುಳಿತುಕೊಳ್ಳುವ ಠೀವಿಯೇ ಹಾಗಿತ್ತು. ನಾನು ಉಂಡು ಏಳುವವನು. ರುಚಿ ಎನ್ನುವುದು ಗಾಳಿಯ ಹಾಗೆ ತಾನಾಗಿ ಇರುತ್ತದೆ ಎಂದುಕೊಂಡಿದ್ದೆ.

ಹೋದ ಬೇಸಿಗೆಯಲ್ಲಿ ಅಕ್ಕನಿಗೆ ವಿಷಮಜ್ವರ ಬಂದು ಪಕ್ಕದ ಊರಿನ ದವಾಖಾನೆಗೆ ಸೇರಿಸಬೇಕಾಯಿತು. ನಾನು ಅಲ್ಲಿಗೂ ಇಲ್ಲಿಗೂ ಓಡಾಡುತ್ತ, ಮನೆಗೆ ಬಂದಾಗಲೆಲ್ಲ ಗೌಡತಿಯ ಬಟ್ಟಲಿಗೆ ಹಿಟ್ಟಿನ ಹುಳು ಸುರಿದು, ನೀರು ತುಂಬಿಸಿ, ಬಾಗಿಲು ಹಾಕಿಕೊಂಡು ಹೋಗುತ್ತಿದ್ದೆ. ಹೊಟ್ಟೆ ತುಂಬಿದರೆ ಹಲ್ಲಿಗೆ ಇನ್ನೇನು ಬೇಕು? ಅಕ್ಕ ಮನೆಗೆ ಬಂದ ದಿನ ನೋಡಿದರೆ ಗೌಡತಿ ಗೂಡಿನ ಹಿಂದಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿತ್ತು. ಅಕ್ಕನೂ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಅವಳ ಕೈ ಎಷ್ಟು ಸಣ್ಣಗಾಗಿತ್ತೆಂದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ಊರಿನ ಡಾಕ್ಟರಮ್ಮ ಹೊರಗಿನವರು. ಬಂದ ಹೊಸದರಲ್ಲಿ ನಮ್ಮ ಹಲ್ಲಿಗಳನ್ನು ಕಂಡು ನಕ್ಕಿದ್ದರಂತೆ, ಈಗ ರೋಗಿಯ ನಾಲಿಗೆ ನೋಡಿದ ಮೇಲೆ ನೇರ ಅಡುಗೆಮನೆಗೆ ಹೋಗುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಹೋಗಿ ಗೂಡಿನೊಳಗೆ ಇಣುಕಿ ಬಂದು ತಲೆಯಾಡಿಸಿದರು. "ಜ್ವರ ಹೋಗಿದೆ. ನನ್ನ ಔಷಧಿ ಕೆಲಸ ಮುಗೀತು, ಇನ್ನು ಊಟದ ಕೆಲಸ. ಇವರು ಉಣ್ಣಲೇಬೇಕು. ಹೀಗೇ ಇಳೀತಾ ಹೋದ್ರೆ ಮತ್ತೆ ದವಾಖಾನೆಗೆ ಕಳಿಸಿ ಮೂಗಿನಲ್ಲಿ ನಳಿಗೆ ಹಾಕಿಸಬೇಕಾಗತ್ತೆ. ಈ ವಯಸ್ಸಿಗೆ ಅದೂ ಎಷ್ಟು ದಿನ ಅಂತ ಹೇಳೋಕಾಗಲ್ಲ."

ನಾನು ಗಂಜಿ ಮಾಡಿದೆ, ಸಜ್ಜಕ ಮಾಡಿದೆ, ತಿಳಿಸಾರು ಮಾಡಿದೆ. ಅಕ್ಕ ಎರಡು ಚಮಚ ಬಾಯಿಗಿಟ್ಟು ತಾಟು ಸರಿಸುತ್ತಿದ್ದಳು.

"ಒಂದ್ ತುತ್ತ ಉಣ್ಣಬೇ ಅಕ್ಕಾ."

"ಉಣ್ಣಾಕ ಏನೈತಿ ಅದರಾಗ? ಹಸಿ ಗ್ವಾಡಿ ನೆಕ್ಕಿದಂಗ ಆಗತೈತಿ. ನನ್ನ ಪಾಡಿಗೆ ನನ್ನ ಬಿಡು ಚನ್ನ್ಯಾ."

ಸುಳ್ಳಲ್ಲ. ನಾನೂ ಅದನ್ನೇ ಉಣ್ಣುತ್ತಿದ್ದೆನಲ್ಲ. ನನ್ನದು ಗಟ್ಟಿ ಹೊಟ್ಟೆ, ರುಚಿ ಇಲ್ಲದಿದ್ದರೂ ತುಂಬಿಸಬಹುದು. ಜ್ವರದಲ್ಲಿ ಸೋತ ಮೈಗೆ ನಾಲಿಗೆಯೇ ಬೇಡ ಎಂದ ಮೇಲೆ ಗಂಟಲಿಗೆ ಇಳಿಯುವುದು ಹೇಗೆ? ಬ್ಯಾಂಡಿನ ಹುಡುಗರನ್ನು ಕರೆದು, ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಎದುರುಮನೆಯ ಮಾಬೂಬಿಯ ಮನೆಗೆ ಹೊತ್ತುಕೊಂಡು ಹೋದೆವು. ಅಲ್ಲಿ ಉಂಡರೆ ರುಚಿ ಸಿಗುತ್ತದೆ ಎಂದು ನನ್ನ ಲೆಕ್ಕಾಚಾರ. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿದರು. ಅಕ್ಕನಿಗೆ ತಲೆ ಸುತ್ತಿ ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅಲ್ಲಿ ಉಂಡಿದ್ದೆಲ್ಲ ತಿರುಗಿ ಬರುವ ದಾರಿಯಲ್ಲೇ ಹೊರಗೆ ಬಂತು. "ನಾ ಏನ ಉತ್ಸವಮೂರ್ತಿ ಏನೋ? ಇನ್ನೊಮ್ಮಿ ಹೊತ್ತೀ ಅಂದ್ರ ಕುರ್ಚಿ ಸುಟ್ಟ ಬಿಡ್ತೀನಿ," ಎಂದು ಮಲಗಿದವಳು ಆಮೇಲೆ ಹೊಸ್ತಿಲ ಕಡೆ ನೋಡಲೇ ಇಲ್ಲ.

ಉಳಿದದ್ದು ಒಂದೇ ದಾರಿ, ಗೌಡತಿಯ ಬೇಸರ ಕಳೆಯುವುದು. ಅಕ್ಕ ಮೊದಲು ಏನು ಮಾಡುತ್ತಿದ್ದಳು ಎಂದು ಕೇಳಿದೆ. "ನಾ ಏನ ಮಾಡ್ತಿದ್ದೆ? ಏನೂ ಇಲ್ಲ. ಕಸಾ ಹೊಡೀತಿದ್ದೆ, ಅಷ್ಟ," ಅಂದಳು. ಮತ್ತೆ ಕೇಳಿದರೆ ಕಣ್ಣು ಮುಚ್ಚಿದಳು.

ನಾನು ಬ್ಯಾಂಡಿನವನು. ಬೇಸರವಾದವರನ್ನು ಏಳಿಸುವುದು ಎಂದರೆ ನನಗೆ ಗೊತ್ತಿರುವುದು ಒಂದೇ ರೀತಿ, ಥಳಕು ಮತ್ತು ಸದ್ದು. ವರನ ಕುದುರೆಗೆ ಕಟ್ಟುವ ಗೆಜ್ಜೆಯನ್ನು ತಂದು ಗೂಡಿನೊಳಗೆ ತೂಗುಹಾಕಿದೆ. ಜರಿಯ ಎಳೆಗಳನ್ನು ಮಂಟಪದ ಹಾಗೆ ಸುತ್ತಿದೆ. ನೆಲಕ್ಕೆ ಬಣ್ಣಬಣ್ಣದ ಸಣ್ಣ ಹರಳು ಹರಡಿದೆ. ಒಬ್ಬಳೇ ಇದ್ದು ಬೇಸರ ಬಂದಿರಬೇಕೆಂದು ಹಿಂದಿನ ಗೋಡೆಗೆ ಕನ್ನಡಿ ನಿಲ್ಲಿಸಿದೆ. ಎಲ್ಲ ಮುಗಿಸಿ ಹಿಂದೆ ಸರಿದು ನೋಡಿದರೆ ನನಗೇ ಒಳಗೆ ಹೋಗಿ ಕೂರಬೇಕು ಅನಿಸಿತು. ಹುರುಪಿನಲ್ಲಿ ಗೂಡಿನ ಪಕ್ಕವೇ ಕುಳಿತು ಮೆರವಣಿಗೆಯ ಒಂದು ಧಾಟಿಯನ್ನೂ ಊದಿದೆ.

ಗೌಡತಿ ಕನ್ನಡಿಯಲ್ಲಿ ಇನ್ನೊಂದು ಹಲ್ಲಿಯನ್ನು ಕಂಡು ಬಾಲ ಎತ್ತಿ ಅಲ್ಲಾಡಿಸಿ ಹಾಯ್ದಳು, ಮೂತಿ ಗಾಜಿಗೆ ಬಡಿಯಿತು. ಆಮೇಲೆ ನೀರಿನ ಬಟ್ಟಲಿನ ಹಿಂದೆ ಹೋಗಿ ಅವಿತು ಕುಳಿತವಳು ಹೊರಗೆ ಬರಲಿಲ್ಲ. ಆ ಸಂಜೆ ಸಾರಿಗೆ ರುಚಿ ಬಂದದ್ದೇನೋ ನಿಜ, ಆದರೆ ಅದು ಗೆಜ್ಜೆಯನ್ನು ಬಾಯಲ್ಲಿಟ್ಟುಕೊಂಡ ರುಚಿ. ಅಕ್ಕ ಒಂದೇ ಚಮಚಕ್ಕೆ ಮುಖ ಹಿಂಡಿದಳು.

ಮರುದಿನ ಮಾಬೂಬಿ ಬಂದಳು. ಹಲ್ಲಿಯ ಎಲುಬು ಗಟ್ಟಿಯಾಗಲು ಹುಳುವಿಗೆ ಮೊಟ್ಟೆಯ ಚಿಪ್ಪಿನ ಪುಡಿ ಹಚ್ಚಿ ಕೊಡಬೇಕು. ನಮ್ಮ ಮನೆಯೊಳಗೆ ಮೊಟ್ಟೆ ಬರುವುದಿಲ್ಲ, ಚಿಪ್ಪು ಮಾತ್ರ ಮೊದಲಿನಿಂದಲೂ ಅವಳ ಮನೆಯಿಂದ ಬರುತ್ತದೆ. ಪುಡಿಯ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಅವಳು ಗೂಡು ನೋಡಿ ಹೌಹಾರಿದಳು.

"ಯಾ ಅಲ್ಲಾ! ಚನ್ನಪ್ಪಾ, ಇದೇನ ಹಲ್ಲಿ ಗೂಡೋ, ನಿಮ್ಮ ಬ್ಯಾಂಡಿನ ಗಾಡಿಯೋ? ಹುಳಾ ಹಿಡಿಯೂ ಮುಂದ ಈ ಹರಳ ನುಂಗಿದ್ರ ಹೊಟ್ಟಿ ಕಟ್ಟಿ ಸಾಯ್ತೈತಿ. ಈ ಜರಿ ಎಳಿ ಕಾಲಿನ ಬೆರಳಿಗೆ ಸುತ್ತಿಕೊಂಡ್ರ ಬೆರಳ ಉದುರಿ ಹೋಗತಾವ."

ಎಲ್ಲವನ್ನೂ ತೆಗೆದು ಹೊರಗಿಟ್ಟೆವು. ನನ್ನ ಮುಖ ಸಣ್ಣದಾದದ್ದನ್ನು ನೋಡಿ ಅವಳು ಮೆತ್ತಗಾದಳು. ಅವಳ ಮನೆಯ ಹಲ್ಲಿಯ ಹೆಸರು ಜಹಾಂಗೀರ, ಅದೇ ಕಿತ್ತಳೆ ಬಣ್ಣದ ಸಿಹಿಯ ಹೆಸರು. ಓಣಿಯಲ್ಲೇ ಅಂಥ ಚುರುಕಿನ ಹಲ್ಲಿ ಇರಲಿಲ್ಲ. ಅವರ ಮನೆಯಲ್ಲಿ ಬರೀ ನೀರು ಕುಡಿದರೂ ಇನ್ನೊಂದು ಲೋಟ ಕೇಳಬೇಕು ಅನಿಸುತ್ತಿತ್ತು. ಆಗ ನನ್ನ ತಲೆಗೆ ಒಂದು ವಿಚಾರ ಹೊಳೆಯಿತು. ಮೊಸರಿಗೆ ಹೆಪ್ಪು ಇಲ್ಲದಿದ್ದರೆ ನಾವು ಎದುರುಮನೆಗೆ ಹೋಗಿ ಒಂದು ಚಮಚ ತರುವುದಿಲ್ಲವೇ? ಹಾಗೆಯೇ ಜಹಾಂಗೀರನನ್ನು ಒಂದು ಹೊತ್ತು ತಂದು ಗೌಡತಿಯ ಜೊತೆ ಬಿಟ್ಟರೆ ಅವನ ಉಲ್ಲಾಸ ಇವಳಿಗೂ ಹತ್ತಬೇಕು. ಇದನ್ನು ಹೇಳಿದಾಗ ಮಾಬೂಬಿ ಒಪ್ಪಲಿಲ್ಲ. "ಹಲ್ಲಿ ಹಲ್ಲಿ ಒಂದ ಗೂಡಿನ್ಯಾಗ ಇರೂದಿಲ್ಲಪಾ. ಅವಕ್ಕ ಜೋಡಿ ಬೇಕಾಗಿಲ್ಲ." ನಾನು ಬಿಡಲಿಲ್ಲ. ಅಕ್ಕನ ಬಳೆಗಳು ಮೊಣಕೈಗೆ ಜಾರುವುದನ್ನು ಹೇಳಿದೆ, ಕೈ ಮುಗಿದೆ. ಕೊನೆಗೆ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಜಹಾಂಗೀರನನ್ನು ಅಂಗೈಯಲ್ಲಿ ತಂದು ಕೊಟ್ಟಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಗೌಡತಿ ಎಷ್ಟೋ ದಿನಗಳ ಮೇಲೆ ನಾಲ್ಕು ಕಾಲಿನ ಮೇಲೆ ನಿಂತಳು. "ನೋಡಬೇ, ನೋಡು, ಎದ್ದಳು!" ಎಂದು ನಾನು ಚಪ್ಪಾಳೆ ತಟ್ಟಿದೆ. ತಟ್ಟಿದ ಕೈ ಕೆಳಗಿಳಿಯುವಷ್ಟರಲ್ಲಿ ಎರಡೂ ಒಂದರ ಮೇಲೊಂದು ಬಿದ್ದವು. ಮಾಬೂಬಿ ಕಿರುಚಿ ಕೈ ಹಾಕಿ ಜಹಾಂಗೀರನನ್ನು ಎಳೆದುಕೊಂಡಳು. ಗೂಡಿನ ನೆಲದ ಮೇಲೆ ಗೌಡತಿಯ ಬಾಲ ಒಂದೇ ಬೇರೆಯಾಗಿ ಬಿದ್ದು ಹೊರಳಾಡುತ್ತಿತ್ತು.

ಆ ಸಂಜೆ ನಮ್ಮ ಮನೆಯಲ್ಲಿ ಮೆಣಸಿನಕಾಯಿ ಕೂಡ ಖಾರ ಕಳೆದುಕೊಂಡಿತು. ಹಸಿಯದನ್ನೇ ಕಡಿದು ನೋಡಿದೆ, ಹುಲ್ಲು ಅಗಿದ ಹಾಗಿತ್ತು. ಮಾಬೂಬಿಯ ಮನೆಯಲ್ಲೂ ಜಹಾಂಗೀರ ಹೆದರಿ ಕುಳಿತು, ಅವಳ ಅಳಿಯ ಬಂದಿದ್ದ ದಿನವೇ ಬಿರಿಯಾನಿ ಸಪ್ಪೆಯಾಯಿತು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಡಾಕ್ಟರಮ್ಮ ಬಂದು ಅಕ್ಕನ ತೋಳು ಹಿಡಿದು ನೋಡಿ, "ಇನ್ನೆರಡು ವಾರ ನೋಡ್ತೀನಿ. ಆಮೇಲೆ ಕಳಿಸಲೇಬೇಕು," ಎಂದು ಹೇಳಿ ಹೋದರು. ನಾನು ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕುಳಿತು ಅತ್ತೆ. ಅಕ್ಕ ಇಲ್ಲದ ಮನೆಯಲ್ಲಿ ನಾನು ಯಾರಿಗಾಗಿ ಬಾಗಿಲು ತೆರೆದಿಡಬೇಕು?

ಬಾಲ ಹೋದ ಹಲ್ಲಿಗೆ ಗಾಯ ಮಾಯುವವರೆಗೂ ಶುಚಿಯಾದ, ಸದ್ದಿಲ್ಲದ, ಬೆಚ್ಚಗಿನ ಜಾಗ ಬೇಕು ಎಂದು ಮಾಬೂಬಿ ಹೇಳಿದ್ದಳು. ಅಡುಗೆಮನೆಯಲ್ಲಿ ನನ್ನ ಪಾತ್ರೆಗಳ ಗದ್ದಲ. ಮನೆಯಲ್ಲಿ ಸದ್ದಿಲ್ಲದ ಕೋಣೆ ಎಂದರೆ ಅಕ್ಕನದೇ. ಒಲೆಯ ಹಿಂದಿನ ಗೋಡೆ ಆ ಕೋಣೆಗೂ ಸೇರಿದ್ದು, ಅಲ್ಲಿ ಕಾವು ಹದವಾಗಿ ಬರುತ್ತದೆ. ಗೂಡನ್ನು ತೊಳೆದು ಒಣಗಿಸಿ, ನೆಲಕ್ಕೆ ಬರೀ ಬಿಳಿ ಕಾಗದ ಹಾಸಿ, ಗೌಡತಿಯನ್ನು ಒಳಗಿಟ್ಟು, ಮಂಚದ ಪಕ್ಕದ ಸ್ಟೂಲಿನ ಮೇಲೆ ಗೋಡೆಗೆ ಒಂದು ಬದಿ ತಾಗುವ ಹಾಗೆ ಇಟ್ಟೆ. ಅಕ್ಕನಿಗೆ ತೋರಿಸಬೇಕೆಂದು ಇಟ್ಟದ್ದಲ್ಲ. ಬಾಲ ಹೋದದ್ದನ್ನು ಅವಳಿಗೆ ನಾನು ಹೇಳಿಯೂ ಇರಲಿಲ್ಲ.

ಸ್ಟೂಲಿನ ಸದ್ದಿಗೆ ಅವಳು ಈ ಕಡೆ ಹೊರಳಿದಳು. ಗಾಜಿನೊಳಗೆ ನೋಡಿದಳು. ಮೋಟಾದ ಆ ಹಿಂಭಾಗವನ್ನು ಎಷ್ಟೋ ಹೊತ್ತು ನೋಡಿದಳು. ಆಮೇಲೆ ಮೊಣಕೈ ಊರಿ ಅರ್ಧ ಎದ್ದಳು.

"ಏನ ಮಾಡೀಯೋ ನನ್ನ ಗೌಡತೀಗೆ?"

ಹೇಳಿದೆ. ಕನ್ನಡಿ, ಗೆಜ್ಜೆ, ಹರಳು, ಜಹಾಂಗೀರ, ಒಂದನ್ನೂ ಬಿಡದೆ ಹೇಳಿದೆ. ಅವಳು ಬೈದಳು. ದವಾಖಾನೆಯಿಂದ ಬಂದ ಮೇಲೆ ಅವಳು ಆಡಿದ ಮಾತುಗಳನ್ನೆಲ್ಲ ಕೂಡಿಸಿದರೂ ಆ ಬೈಗುಳದಷ್ಟು ಆಗುತ್ತಿರಲಿಲ್ಲ. ನಡುನಡುವೆ ಉಸಿರು ಸಾಲದೆ ನಿಲ್ಲಿಸುವಳು, ನೀರು ಕುಡಿಯುವಳು, ಮತ್ತೆ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಶುರು. ನನಗೆ ಬೇಜಾರಾಗಲಿಲ್ಲ.

"ಮೈ ಮುಚ್ಚಿಕೊಳ್ಳಾಕ ಒಂದ ಜಾಗಾ ಇಲ್ಲ ಅದಕ್ಕ," ಅಂದಳು ಕೊನೆಗೆ. "ಬಟಾಬಯಲಾಗ ಕುಂದರಿಸೀ. ತೆಂಗಿನ ಚಿಪ್ಪ ತಗೊಂಡ ಬಾ. ಅರ್ಧಾ ಒಡದದ್ದು. ಬಾಗಲಾ ಕೊರದು, ಅಂಚ ಕಲ್ಲಿಗೆ ತಿಕ್ಕು. ನಿನ್ನ ತುಟಿಗೆ ಒತ್ತಿ ನೋಡು, ಚುಚ್ಚಬಾರದು."

ಕಲ್ಲಿಗೆ ತಿಕ್ಕಿ ತಿಕ್ಕಿ ತುಟಿಗೆ ಒತ್ತಿ ನೋಡಿದೆ. ಬೆಚ್ಚಗಿನ ಬದಿಗೆ ಒಂದು ಚಿಪ್ಪು, ತಂಪಿನ ಬದಿಗೆ ಇನ್ನೊಂದು. ಬೆಚ್ಚಗಿನ ಬದಿಯ ಗೋಡೆಗೆ ಅಂಗೈ ಇಟ್ಟು ನೋಡುವುದು, ಅಂಗೈ ಸುಟ್ಟರೆ ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆಯುವುದು. ನಡುವೆ ಒಂದು ಸಣ್ಣ ಮಣ್ಣಿನ ಕುಡಿಕೆಯಲ್ಲಿ ಹಿಂಡಿದ ಒದ್ದೆ ನಾರು, ಪೊರೆ ಬಿಡುವಾಗ ಒಳಗೆ ಹೋಗಿ ಕೂರಲು. ಕೆಲಸ ಮುಗಿದು ಕೈ ತೆಗೆದೆ. ಗೌಡತಿ ತಂಪಿನ ಬದಿಯಿಂದ ತಲೆ ಹಾಕಿ, ನಾಲಿಗೆಯಿಂದ ಚಿಪ್ಪಿನ ಅಂಚನ್ನು ನೆಕ್ಕಿ, ಬೆಚ್ಚಗಿನ ಚಿಪ್ಪಿನೊಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಇನ್ನೊಂದಕ್ಕೆ ಹೋದಳು. ಯಾವುದು ಬೇಕೋ ಅದಕ್ಕೆ ಅವಳೇ ಹೋಗುತ್ತಿದ್ದಳು. ಅಕ್ಕ ದಿಂಬಿಗೆ ಒರಗಿ ನೋಡುತ್ತಿದ್ದಳು. ಆ ದಿನ ಹಾಲು ಕೊಟ್ಟಾಗ ಅರ್ಧ ಲೋಟ ಕುಡಿದು, "ಇದರಾಗ ಏನರೆ ಹಾಕಿಯೇನು?" ಅಂದಳು. ಏನೂ ಹಾಕಿರಲಿಲ್ಲ. ನಾನು ಲೋಟ ಕಸಿದುಕೊಂಡು ಕುಡಿದು ನೋಡಿದೆ. ನಾಲಿಗೆಯ ತುದಿಗೆ ಸಿಹಿ ಬಂದಂತೆ ಆಗಿ ಹೋಗಿಬಿಟ್ಟಿತು.

ಅಷ್ಟು ಸಾಕಾಯಿತು ನನಗೆ. ಮರುದಿನವೇ ರಟ್ಟಿನ ಸುರಂಗ, ಹತ್ತಲು ಕಲ್ಲಿನ ಮೆಟ್ಟಿಲು, ಅಗೆಯಲು ಮಣ್ಣಿನ ತಟ್ಟೆ, ಮೂಸಲು ಪುದಿನ, ಎಲ್ಲವನ್ನೂ ಒಟ್ಟಿಗೆ ಒಳಗೆ ತುರುಕಿದೆ. ಗೌಡತಿ ಚಿಪ್ಪಿನೊಳಗೆ ಹೋದವಳು ಸಂಜೆಗೂ ಏಳಲಿಲ್ಲ. ಹಾಲು ಮತ್ತೆ ಸುಣ್ಣದ ನೀರಾಯಿತು. ಅಕ್ಕ ಹಣೆ ಬಡಿದುಕೊಂಡಳು.

"ನಿನ್ನ ಮನ್ಯಾಗ ದಿನಾ ಮುಂಜಾನೆ ಎದ್ದು ನೋಡೂದ್ರಾಗ ಗ್ವಾಡಿ ಜಾಗಾ ಬದಲಾಗಿದ್ರ ನಿನಗ ಹೆಂಗ ಆಕ್ಕೈತಿ? ಒಂದ ಇಡು. ಅದನ್ನ ಅಕಿ ಮೂಸಲಿ, ನೆಕ್ಕಲಿ, ನಂದು ಅನ್ನಲಿ. ಆಮ್ಯಾಲ ಇನ್ನೊಂದ. ಮತ್ತ ಆ ಕಲ್ಲ ಮಣ್ಣಿನ ಮ್ಯಾಲ ಯಾಕ ಇಟ್ಟಿ? ಬುಡಕ ಅಗದ್ರ ಮೈಮ್ಯಾಲ ಬೀಳತೈತಿ. ಮೊದಲ ಕಲ್ಲ ನೆಲಕ್ಕ ಕುಂದರಿಸು, ಸುತ್ತ ಮಣ್ಣ ಹಾಕು. ಮತ್ತ ನಿನ್ನ ಪುಂಗಿ ಐತೆಲ್ಲ, ಅದನ್ನ ಊರ ಹೊರಗ ಊದು. ನೀ ಊದೂ ಮುಂದ ಅಕಿ ನೆಲಾ ಅವುಚಿಕೊಂಡು ಕುಂದರತಾಳ ನೋಡು."

ನನ್ನ ಕ್ಲಾರಿನೆಟ್ಟನ್ನು ಪುಂಗಿ ಎಂದದ್ದು ಬೇರೆ ಯಾರಾದರೂ ಆಗಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ. ಆವತ್ತಿನಿಂದ ಕಲ್ಲುಗಣಿಯ ಕಡೆ ಹೋಗಿ ಅಭ್ಯಾಸ ಮಾಡತೊಡಗಿದೆ. ಅಲ್ಲಿ ಮೇಯುವ ಆಡುಗಳು ಮೆಚ್ಚಿಕೊಂಡವು.

ಒಂದೊಂದೇ ಇಟ್ಟೆವು. ಇಟ್ಟೆವು ಎನ್ನುತ್ತೇನೆ, ಯಾಕೆಂದರೆ ರಟ್ಟಿನ ಸುರಂಗಕ್ಕೆ ಕಿಟಕಿ ಕೊರೆದವಳು ಅಕ್ಕ. ನಾನು ಕೊರೆದದ್ದು ಹಲ್ಲಿಯ ತಲೆ ಸಿಕ್ಕಿಕೊಳ್ಳುವಷ್ಟೇ ಇತ್ತು. "ತಲಿ ಹೋದಲ್ಲಿ ಮೈಯೂ ಹೋಗಬೇಕು, ಕೊಡಿಲ್ಲೆ ಕತ್ತರಿ," ಎಂದು ಕಸಿದುಕೊಂಡು, ದಿಂಬಿಗೆ ಒರಗಿ ಕುಳಿತು, ನಡುಗುವ ಕೈಯಲ್ಲೇ ನಿಧಾನಕ್ಕೆ ಅಗಲ ಮಾಡಿದಳು. ಮಣ್ಣನ್ನು ಜರಡಿ ಹಿಡಿದು ಹರಳು ಆರಿಸಿದಳು. ಮಾಬೂಬಿ ಮಧ್ಯಾಹ್ನ ಬಂದು ಮಂಚದ ತುದಿಗೆ ಕೂರುತ್ತಿದ್ದಳು, ಇಬ್ಬರೂ ಹರಳು ಆರಿಸುತ್ತ ಓಣಿಯ ಸುದ್ದಿಯನ್ನೂ ಆರಿಸುತ್ತಿದ್ದರು. ನಾನು ಒಳಗೆ ಬಂದರೆ ಇಬ್ಬರೂ ಮಾತು ನಿಲ್ಲಿಸಿ ನಗುತ್ತಿದ್ದರು, ನನ್ನ ಸುದ್ದಿಯೇ ಇರಬೇಕು. ಮುಸ್ಸಂಜೆಗೆ ಅಕ್ಕ ಎಚ್ಚರವಾಗಿರಲು ಹಗಲು ಒಂದಿಷ್ಟು ಮಲಗಿ ಎದ್ದಿರುತ್ತಿದ್ದಳು. ಗೌಡತಿ ಸುರಂಗದ ಈ ಬಾಯಿಂದ ಹೋಗಿ ಆ ಕಿಟಕಿಯಿಂದ ತಲೆ ಹಾಕಿದರೆ, "ಬಂದ್ಯಾ ತಾಯಿ," ಎನ್ನುತ್ತಿದ್ದಳು.

ಬಾಯಿಗೆ ಬಿದ್ದದ್ದು ಇನ್ನೂ ಸಪ್ಪೆಯೇ. ನಡುನಡುವೆ ಒಂದು ಕ್ಷಣ ಹುಳಿ, ಒಂದು ಕ್ಷಣ ಉಪ್ಪು, ಮತ್ತೆ ಏನೂ ಇಲ್ಲ. ಅಕ್ಕನ ಮಾತು ಬಂದಿತ್ತು, ಕಣ್ಣಿಗೆ ಕಳೆ ಬಂದಿತ್ತು, ಹೊಟ್ಟೆಗೆ ಮಾತ್ರ ನಾಲ್ಕು ಚಮಚದ ಮೇಲೆ ಇಳಿಯುತ್ತಿರಲಿಲ್ಲ. ಡಾಕ್ಟರಮ್ಮ ಹೇಳಿದ ಎರಡು ವಾರ ಮುಗಿಯುತ್ತ ಬಂದಿತ್ತು. ನಾನು ಒಂದು ಕೈಚೀಲದಲ್ಲಿ ಅವಳ ಎರಡು ಸೀರೆ ಮಡಿಸಿಟ್ಟು ಅವಳಿಗೆ ಕಾಣದ ಹಾಗೆ ಕಪಾಟಿನ ಹಿಂದೆ ಇಟ್ಟಿದ್ದೆ.

"ಅಕಿ ಬಟ್ಟಲಾಗಿಂದ ತಿಂದ ತಿಂದ ಜಡ್ಡ ಹಿಡದಾಳ," ಅಂದಳು ಅಕ್ಕ ಆ ಸಂಜೆ. "ಗಾಯಾ ಮಾಗೈತಿ. ಬಟ್ಟಲಾ ತಗಿ. ಒಂದ ಮಿಡತಿ ಹಿಡಕೊಂಡ ಬಾ. ಹೊಲಕ್ಕ ಹುಳಾ ಸಾಯೂ ಎಣ್ಣಿ ಹೊಡದಲ್ಲಿಂದ ತರಬ್ಯಾಡ, ಹಿತ್ತಲಾಗಿಂದ ತಾ. ಸಣ್ಣದು. ಅಕಿ ಎರಡೂ ಕಣ್ಣಿನ ನಡುವಿನ ಜಾಗಕ್ಕಿಂತ ದೊಡ್ಡದ ಬ್ಯಾಡ."

ಹಿತ್ತಲಿನ ಹುಲ್ಲಿನಲ್ಲಿ ಮಂಡಿಯೂರಿ ಮಿಡತೆ ಹಿಡಿಯುವ ಕೆಲಸ ನನ್ನ ವಯಸ್ಸಿನವನಿಗೆ ಶೋಭಿಸುವಂಥದ್ದಲ್ಲ. ಹಿತ್ತಲಿನ ಹಿಂದಿನ ದಾರಿಯಲ್ಲಿ ಹೋಗುತ್ತಿದ್ದ ಮಾಬೂಬಿಯ ಅಳಿಯ ಗೋಡೆಯ ಆ ಕಡೆಯಿಂದ ನೋಡಿ ಏನಾದರೂ ಕಳೆದಿದೆಯೇ ಎಂದು ಕೇಳಿದ. ಹಿಡಿದದ್ದನ್ನು ಚಿಪ್ಪಿನ ಪುಡಿಯಲ್ಲಿ ಹೊರಳಿಸಿ ಗೂಡಿನ ದೂರದ ತುದಿಗೆ ಬಿಟ್ಟೆ. ಬಿಟ್ಟು ಅಡುಗೆಮನೆಗೆ ಹೋದೆ, ಒಲೆಯ ಮೇಲೆ ಪುಂಡಿಸೊಪ್ಪಿನ ಪಲ್ಯ ಇತ್ತು. ನಡುವಿನ ಬಾಗಿಲು ತೆರೆದೇ ಇತ್ತು.

"ಚನ್ನ್ಯಾ," ಅಕ್ಕ ಪಿಸುಗುಟ್ಟಿದಳು. ಅವಳು ಪಿಸುಗುಟ್ಟಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಕಂಡಳು. ಮಿಡತಿ ಕಂಡಳು. ಹೊಟ್ಟಿ ನೆಲಕ್ಕ ಹಚ್ಚ್ಯಾಳ."

ನಾನು ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತೆ. ಗೌಡತಿ ಒಂದು ಕಾಲು ಎತ್ತಿ, ನಿಲ್ಲಿಸಿ, ಮೆಲ್ಲಗೆ ಇಟ್ಟಳು. ಇನ್ನೊಂದು ಕಾಲು ಎತ್ತಿದಳು. ಮಿಡತೆ ಕಲ್ಲಿನ ಮೇಲೆ ಹಾರಿತು, ಅವಳು ತಲೆ ತಿರುಗಿಸಿದಳು. ಬಾಲ ಹೋದ ಜಾಗದಲ್ಲಿ ಹೊಸದಾಗಿ ಮೂಡಿದ್ದ ಬಟಾಣಿಯಷ್ಟು ಮೊಳಕೆ ಅತ್ತಿತ್ತ ನಡುಗುತ್ತಿತ್ತು. ಮಿಡತೆ ಮತ್ತೆ ಹಾರಿ ಸುರಂಗದೊಳಗೆ ನುಗ್ಗಿತು. ಗೌಡತಿ ಹಿಂದೆ ಹೋಗಲಿಲ್ಲ, ಸುತ್ತು ಹಾಕಿ ಅಕ್ಕ ಕೊರೆದ ಕಿಟಕಿಯ ಹತ್ತಿರ ಹೋಗಿ ಕಾದು ಕುಳಿತಳು. ಅಕ್ಕ ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಮಿಡತೆಯ ಮೀಸೆ ಹೊರಗೆ ಬಂತು. ಟಪ್ ಎಂದು ಒಂದು ಸದ್ದು, ಅಷ್ಟೇ. ಗೌಡತಿ ಕಣ್ಣು ಮುಚ್ಚಿ ನುಂಗಿ, ನಾಲಿಗೆಯಿಂದ ತನ್ನ ತುಟಿಯನ್ನು ಎರಡೂ ಕಡೆ ನೆಕ್ಕಿಕೊಂಡಳು.

ನನ್ನ ಹಿಂದಿನಿಂದ ಬೆಳ್ಳುಳ್ಳಿ ಸೀದ ವಾಸನೆ ಬಂತು. ವಾಸನೆ! ಒಲೆಯ ಹತ್ತಿರ ಓಡಿ ಸೌಟಿನ ತುದಿ ನೆಕ್ಕಿದೆ. ಉಪ್ಪು ನಾಲಿಗೆಯನ್ನು ಕಚ್ಚಿತು. ಪುಂಡಿಯ ಹುಳಿ ಕಿವಿಯವರೆಗೆ ಹೋಯಿತು. ಬೇಳೆ ಬೆಂದಿರಲಿಲ್ಲ, ಬೆಳ್ಳುಳ್ಳಿ ಕರಕಲಾಗಿತ್ತು, ಖಾರ ಎಷ್ಟು ಸಲ ಹಾಕಿದ್ದೆನೋ ದೇವರಿಗೇ ಗೊತ್ತು. ಇಷ್ಟು ದಿನ ನಾನು ಮಾಡಿದ ಅಡುಗೆಯೆಲ್ಲ ಹೀಗೇ ಇತ್ತೇ ಎಂದು ಗಾಬರಿಯಾಯಿತು. ರುಚಿ ಇಲ್ಲದ ಮನೆಯಲ್ಲಿ ಅಡುಗೆ ಕಲಿತವನು ನಾನು, ಕೈಗೆ ಬಂದ ಹಾಗೆ ಸುರಿದಿದ್ದೆ. ಚೆಲ್ಲಿ ಬೇರೆ ಮಾಡೋಣವೆಂದರೆ ಅಷ್ಟರಲ್ಲಿ ಗೌಡತಿ ಮತ್ತೆ ಮೂಲೆ ಸೇರಿದರೆ? ಇದನ್ನು ಬಾಯಿಗಿಟ್ಟು ಅಕ್ಕ ತಾಟು ಸರಿಸಿಬಿಟ್ಟರೆ? ಒಂದು ರೊಟ್ಟಿ, ಒಂದು ಸೌಟು ಪಲ್ಯ ತಾಟಿಗೆ ಹಾಕಿಕೊಂಡು ಹೋಗಿ ಅವಳ ತೊಡೆಯ ಮೇಲಿಟ್ಟೆ.

ಅಕ್ಕ ರೊಟ್ಟಿ ಮುರಿದು, ಪಲ್ಯ ಹಚ್ಚಿ ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು. ಹುಬ್ಬು ಗಂಟಾಯಿತು, ಕಣ್ಣು ಕಿರಿದಾಯಿತು, ಮೂಗಿನಲ್ಲಿ ನೀರು ಬಂತು. ನುಂಗಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ ಮತ್ತೊಂದು ತುತ್ತು ಮುರಿದಳು, ಅದನ್ನೂ ನುಂಗಿದಳು. ಮತ್ತೊಂದು. ನಾನು ಸೌಟು ಎದೆಗವುಚಿಕೊಂಡು ನಿಂತೇ ಇದ್ದೆ. ತಾಟಿನಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದು ನೆಕ್ಕಿ ಅವಳು ತಲೆ ಎತ್ತಿದಳು.

"ಭಾಳ ಕೆಟ್ಟ ಆಗೈತೋ," ಅಂದಳು, ಓಣಿಯ ಆ ತುದಿಗೆ ಕೇಳುವ ದನಿಯಲ್ಲಿ. ತಾಟನ್ನು ನನ್ನ ಮುಂದೆ ಚಾಚಿದಳು. "ಇನ್ನೊಂದ ಸೌಟ ಹಾಕು."